ಸಿನಿಮಾ ಸಂಗೀತಗಾರನ ಪ್ರಯೋಗದ ರಾಕ್ ಆಲ್ಬಂ: ಕೇಳುಗರ ಪ್ರತಿಕ್ರಿಯೆ ಪಡೆಯುವ ಕ್ರಮ

ಅಮೆರಿಕದ ಸಿನಿಮಾ ಸಂಗೀತಗಾರ ಡ್ಯಾನಿ ಎಲ್ಫ್‌ಮನ್ ಅವರ ರಾಕ್ ಆಲ್ಬಂ ‘ಬಿಗ್ ಮೆಸ್’ 2021ರ ಜೂನ್ 11ರಂದು ಬಿಡುಗಡೆಯಾಯಿತು. ಒಟ್ಟು 18 ಹಾಡು, ಹತ್ತಿರ ಹತ್ತಿರ 72 ನಿಮಿಷ. 1984ರ ‘ಸೋ-ಲೋ’ ಆದಮೇಲೆ ಅವರೊಬ್ಬರ ಹೆಸರಿನಲ್ಲಿ ಬಂದ ಮೊದಲ ರಾಕ್ ಆಲ್ಬಂ ಇದು. ನಡುವಿನ ವರ್ಷಗಳಲ್ಲಿ ಜನ ಅವರನ್ನು ಹೆಚ್ಚಾಗಿ ಗುರುತಿಸಿದ್ದು ಟಿಮ್ ಬರ್ಟನ್ ಚಿತ್ರಗಳ ಹಿನ್ನೆಲೆ ಸಂಗೀತದಿಂದ, ‘ದಿ ಸಿಂಪ್ಸನ್ಸ್’ ಧಾರಾವಾಹಿಯ ಶೀರ್ಷಿಕೆ ಸಂಗೀತದಿಂದ. ಅವರು ಹಾಡುತ್ತಿದ್ದ ಓಯಿಂಗೊ ಬೋಯಿಂಗೊ ಬ್ಯಾಂಡ್ 1995ರಲ್ಲೇ ಮುಗಿದಿತ್ತು.

ಇಂಥ ಆಲ್ಬಂ ಕೇಳಿಸಿ ‘ಹೇಗಿದೆ?’ ಅಂದರೆ ಬರುವ ಉತ್ತರ ಮೂರೇ: ‘ಸಕತ್’, ‘ತಲೆನೋವು’, ‘ಬಹಳ ಉದ್ದ’. ಮೂರರಿಂದಲೂ ಏನೂ ತಿಳಿಯುವುದಿಲ್ಲ. ಯಾಕೆಂದರೆ ಇಲ್ಲಿ ಕೇಳುಗರು ಮೂರು ಬೇರೆ ಬಾಗಿಲಿನಿಂದ ಬಂದಿರುತ್ತಾರೆ: ಹಳೆಯ ಬ್ಯಾಂಡಿನ ಅಭಿಮಾನಿ, ಸಿನಿಮಾ ಸಂಗೀತದ ಅಭಿಮಾನಿ, ಇವೆರಡೂ ಗೊತ್ತಿಲ್ಲದೆ ಬರೀ ಗಡಸು ರಾಕ್ ಕೇಳುವವನು. ಒಂದೇ ಹಾಡು ಮೂವರಿಗೂ ಮೂರು ಥರ ಕೇಳಿಸುತ್ತದೆ. ಹಾಗಾಗಿ ಯಾರು ಯಾವ ನಿರೀಕ್ಷೆ ಹೊತ್ತು ಬಂದರು ಅನ್ನುವುದನ್ನು ಮೊದಲು ಹಿಡಿದಿಟ್ಟುಕೊಳ್ಳಬೇಕು. ಅದಿಲ್ಲದ ಪ್ರತಿಕ್ರಿಯೆ ಆಲ್ಬಂ ಬಗ್ಗೆ ಏನನ್ನೂ ಹೇಳುವುದಿಲ್ಲ. ಮುಂದಿನ ಕ್ರಮವೆಲ್ಲ ಕಟ್ಟಿರುವುದು ಈ ಒಂದು ಮಾತಿನ ಮೇಲೆ. ಉದಾಹರಣೆಗೆ ‘ಬಿಗ್ ಮೆಸ್’ ಇಟ್ಟುಕೊಂಡಿದ್ದೇವೆ. ಇದೇ ಜಾತಿಯ ಯಾವ ಆಲ್ಬಂಗಾದರೂ ಹೊಂದುತ್ತದೆ.

ಯಾರು, ಎಷ್ಟು ಜನ

ಆರರಿಂದ ಒಂಬತ್ತು ಜನ ಸಾಕು. ಮೂರು ಗುಂಪಿನಿಂದಲೂ ಕನಿಷ್ಠ ಇಬ್ಬರು ಇರಲಿ. ಒಂದು ಗುಂಪಿನಿಂದ ಒಬ್ಬರೇ ಇದ್ದರೆ ಅವರು ಹೇಳಿದ್ದು ಆ ಗುಂಪಿನ ಅಭಿಪ್ರಾಯವೋ ಅವರ ಅಂದಿನ ಮೂಡೋ ಗೊತ್ತಾಗುವುದಿಲ್ಲ. ಒಂಬತ್ತು ದಾಟಿದರೆ ತೊಂದರೆ ಕೊಠಡಿಯದ್ದು: ಸ್ಪೀಕರುಗಳ ಎದುರು ನಡುವೆ ಕೂತವರಿಗೆ ಕೇಳಿಸುವುದೇ ಬೇರೆ, ಮೂಲೆಯಲ್ಲಿ ಗೋಡೆಗೆ ಒರಗಿದವರಿಗೆ ಕೇಳಿಸುವುದೇ ಬೇರೆ. ಮೂಲೆಯಲ್ಲಿ ತಗ್ಗು ಸ್ವರಗಳು ಉಬ್ಬುತ್ತವೆ, ಅಲ್ಲಿ ಕೂತವರು ‘ಬೇಸ್ ಜಾಸ್ತಿ’ ಎಂದೇ ಬರೆಯುತ್ತಾರೆ.

ಹಾಡು ಹಾಕುವ ಮೊದಲು ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡಿ. ಎರಡೇ ಪ್ರಶ್ನೆ. ಈ ಸಂಗೀತಗಾರನ ಯಾವ ಕೆಲಸ ಮೊದಲು ಕೇಳಿದ್ದೀರಿ? ಈ ಆಲ್ಬಂ ಹೇಗಿರುತ್ತದೆ ಅಂದುಕೊಂಡಿದ್ದೀರಿ? ಬರೆದದ್ದನ್ನು ಮಡಚಿ ತೆಗೆದಿಟ್ಟುಬಿಡಿ, ಕೊನೆಯವರೆಗೂ ಯಾರೂ ನೋಡಬಾರದು. ಇದನ್ನು ಆಮೇಲೆ ಕೇಳಿದರೆ ಉಪಯೋಗವಿಲ್ಲ. ಆಲ್ಬಂ ಮುಗಿದ ಮೇಲೆ ಎಲ್ಲರೂ ‘ನಾನು ಮೊದಲೇ ಹೀಗೇ ಅಂದುಕೊಂಡಿದ್ದೆ’ ಎನ್ನುತ್ತಾರೆ, ಮತ್ತು ಅದನ್ನು ನಿಜವೆಂದೇ ನಂಬಿರುತ್ತಾರೆ.

ವಿಮರ್ಶೆ ಓದಿ ಬಂದವರನ್ನು ಹೊರಗಿಡಬೇಕಿಲ್ಲ, ಆದರೆ ಚೀಟಿಯ ಮೂಲೆಯಲ್ಲಿ ಗುರುತು ಹಾಕಿ. ಅವರ ಪದಗಳು ಅರ್ಧದಷ್ಟು ವಿಮರ್ಶಕನವಾಗಿರುತ್ತವೆ.

ಸದ್ದು ಸರಿ ಮಾಡಿಕೊಳ್ಳುವುದು

ಬಹುಪಾಲು ಪ್ರತಿಕ್ರಿಯೆಗಳು ಹಾಳಾಗುವುದು ಇಲ್ಲೇ. ಆಲ್ಬಂ ಮೇಲೆ ಬರುವ ದೂರುಗಳಲ್ಲಿ ದೊಡ್ಡ ಪಾಲು ನಿಜವಾಗಿ ಫೋನಿನ ಸೆಟ್ಟಿಂಗ್ ಮೇಲಿನ ದೂರು.

ಫೋನಿನ ಸ್ವಂತ ಸ್ಪೀಕರಿನಲ್ಲಿ ಕೇಳಿದವರ ಅಭಿಪ್ರಾಯ ಲೆಕ್ಕಕ್ಕೆ ಹಿಡಿಯಬೇಡಿ. ಬೇಸ್ ಗಿಟಾರಿನ ಅತಿ ತಗ್ಗಿನ ತಂತಿ 41 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ. ಆರ್ಕೆಸ್ಟ್ರಾದ ಡಬಲ್ ಬೇಸಿನ ತಗ್ಗಿನ ತಂತಿಯೂ ಅದೇ 41. ಸಿನಿಮಾ ಸಂಗೀತಗಾರ ರಾಕ್ ಬರೆದರೆ ಈ ಎರಡೂ ಒಂದೇ ಜಾಗದಲ್ಲಿ ಬಂದು ಕೂರುತ್ತವೆ, ಅವುಗಳ ನಡುವಿನ ಸೆಣಸಾಟವೇ ಎಷ್ಟೋ ಹಾಡುಗಳ ಅಡಿಪಾಯ. ಅಂಗೈಯಗಲದ ಸ್ಪೀಕರಿಗೆ ಆ ತಗ್ಗು ಹೊರಡಿಸುವ ಶಕ್ತಿಯೇ ಇಲ್ಲ. ಉಳಿಯುವುದು ಕಿರುಚುವ ಗಿಟಾರ್, ಚಾಟಿಯಂಥ ಸ್ನೇರ್ ಡ್ರಮ್, ಕೂಗುವ ಗಂಟಲು. ‘ಬರೀ ಗಲಾಟೆ’ ಅಂದರೆ ಅವರ ತಪ್ಪಲ್ಲ.

ಆಪ್‌ನಲ್ಲಿ ಬಂದ್ ಮಾಡಬೇಕಾದವು: ಕ್ರಾಸ್‌ಫೇಡ್, ಈಕ್ವಲೈಜರ್, ಸುತ್ತುವರಿದಂತೆ ಕೇಳಿಸುವ ಸ್ಪೇಷಿಯಲ್ ಆಡಿಯೊ, ಶಫಲ್. ಕ್ರಾಸ್‌ಫೇಡ್ ಒಂದು ಹಾಡಿನ ಬಾಲವನ್ನು ಮುಂದಿನದರ ತಲೆಗೆ ಅಂಟಿಸುತ್ತದೆ. ಹಾಡು ತಟ್ಟನೆ ಕಡಿದು ನಿಲ್ಲುವುದು ಈ ಬಗೆಯ ಸಂಗೀತದಲ್ಲಿ ಬೇಕೆಂದೇ ಮಾಡಿದ್ದು, ಅದೇ ಕಳೆದುಹೋಗುತ್ತದೆ. ಶಫಲ್ ಇನ್ನೊಂದು ಬಗೆಯಲ್ಲಿ ಕೆಡಿಸುತ್ತದೆ. ಸ್ಪಾಟಿಫೈ ಸಾಮಾನ್ಯವಾಗಿ ಹಾಡುಗಳನ್ನು ಮೈನಸ್ 14 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಗಟ್ಟಿ ಅನಿಸುತ್ತದೆ ಎಂಬುದರ ಅಳತೆ) ಮಟ್ಟಕ್ಕೆ ತಂದು ನುಡಿಸುತ್ತದೆ. ಆಲ್ಬಂ ಅನ್ನು ಸಾಲಾಗಿ ಕೇಳಿದರೆ ಇಡೀ ಆಲ್ಬಂಗೆ ಒಂದೇ ಅಳತೆ, ಹಾಗಾಗಿ ಮೆಲುವಾದ ಹಾಡು ಮೆಲುವಾಗಿಯೇ, ಗಡಸಾದದ್ದು ಗಡಸಾಗಿಯೇ ಉಳಿಯುತ್ತದೆ. ಶಫಲ್ ಮಾಡಿದರೆ ಹಾಡು ಹಾಡಿಗೂ ಬೇರೆ ಅಳತೆ, ಎಲ್ಲವೂ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ಆಮೇಲೆ ಯಾರೋ ‘ಏರಿಳಿತವೇ ಇಲ್ಲ’ ಎಂದು ಬರೆಯುತ್ತಾರೆ.

ಸದ್ದಿನ ಎತ್ತರ ಕೂರುವ ಜಾಗದಲ್ಲಿ 75ರಿಂದ 80 ಡೆಸಿಬೆಲ್ ಇರಲಿ. ಫೋನಿನ ಅಳತೆ ಆಪ್‌ಗಳು ಒಂದೆರಡು ಡೆಸಿಬೆಲ್ ಅತ್ತಿತ್ತ ತೋರಿಸಿದರೂ ಈ ಕೆಲಸಕ್ಕೆ ನಡೆಯುತ್ತದೆ. ಆಪ್‌ನಲ್ಲಿ ‘ಎ’ ತೂಕ (‘A-weighting’, ಕಿವಿಗೆ ಕೇಳಿಸುವ ಬಗೆಗೆ ಹೊಂದಿಸಿದ ಅಳತೆ), ನಿಧಾನ ಓದು (‘Slow’) ಆರಿಸಿ, ಆಲ್ಬಂನಲ್ಲಿ ಅತಿ ಗಟ್ಟಿಯೆನಿಸುವ ಹಾಡಿನ ಒಂದು ನಿಮಿಷ ಹಾಕಿ ನೋಡಿ, ವಾಲ್ಯೂಮ್ ಗುಬುಟಿಯ ಮೇಲೆ ಪೆನ್ಸಿಲ್ ಗುರುತು ಮಾಡಿ. ಆಲ್ಬಂ ಕೇಳಿಸುವುದು ಮೂರು ಸುತ್ತಿನಲ್ಲಿ, ಆ ಮೂರರಲ್ಲೂ ಈ ಗುರುತನ್ನು ಯಾರೂ ಮುಟ್ಟಬಾರದು. ಎರಡು ಡೆಸಿಬೆಲ್ ಹೆಚ್ಚಿದರೆ ಕೇಳುಗರು ‘ಸದ್ದು ಹೆಚ್ಚಾಯಿತು’ ಅನ್ನುವುದಿಲ್ಲ, ‘ಈ ಸಲ ಚೆನ್ನಾಗಿದೆ’ ಅನ್ನುತ್ತಾರೆ. 65ಕ್ಕಿಂತ ಕೆಳಗೆ ಇಳಿಸಿದರೆ ಕಿವಿಯ ಸ್ವಭಾವದಿಂದಲೇ ತಗ್ಗು ಸ್ವರಗಳು ಮೊದಲು ಮಾಯವಾಗುತ್ತವೆ. ಮೇಲೆ 85 ದಾಟಬೇಡಿ. ಕೆಲಸದ ಜಾಗಗಳಲ್ಲಿ 85ಕ್ಕೆ ದಿನಕ್ಕೆ 8 ಗಂಟೆ ಮಿತಿ ಎಂದು ಲೆಕ್ಕ, ಅಲ್ಲಿಂದ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧವಾಗುತ್ತದೆ. ಕಿವಿಗೆ ಅಪಾಯವಾಗುವುದಕ್ಕೆ ಮೊದಲೇ ದಣಿವು ಬರುತ್ತದೆ, ದಣಿದ ಕಿವಿ ಒಳ್ಳೆಯ ಹಾಡಿಗೂ ಸಿಡುಕುತ್ತದೆ.

ಮೊದಲ ಸುತ್ತು

ಬಿಡುವಿಲ್ಲದೆ 72 ನಿಮಿಷ ಕೇಳಿಸಬೇಡಿ. ಎಲ್‌ಪಿ ತಟ್ಟೆಯ ಒಂದು ಮುಖದಲ್ಲಿ ಇಪ್ಪತ್ತು ನಿಮಿಷದ ಆಸುಪಾಸು ಹಿಡಿಯುತ್ತದೆ. ಇಷ್ಟು ಉದ್ದದ ಆಲ್ಬಂಗೆ ನಾಲ್ಕು ಮುಖ ಬೇಕು, ಅಂದರೆ ಮುಖಕ್ಕೆ ಸುಮಾರು 18 ನಿಮಿಷ. ಅದೇ ಅಳತೆ ಇಟ್ಟುಕೊಳ್ಳಿ: ನಾಲ್ಕೈದು ಹಾಡು, ಆಮೇಲೆ ಐದು ನಿಮಿಷ ಮೌನ. ಆ ಐದು ನಿಮಿಷದಲ್ಲಿ ಬರೆಯುವುದು ಬಿಟ್ಟರೆ ಬೇರೆ ಕೆಲಸ ಇರಬಾರದು.

ಮಾತು ಕಟ್ಟುನಿಟ್ಟಾಗಿ ನಿಷೇಧ. ಹುಬ್ಬು ಹಾರಿಸುವುದೂ, ತಲೆ ಅಲ್ಲಾಡಿಸುವುದೂ ಲೆಕ್ಕಕ್ಕೆ ಬರುತ್ತವೆ. ಕುರ್ಚಿಗಳನ್ನು ಒಬ್ಬರ ಮುಖ ಒಬ್ಬರಿಗೆ ಕಾಣದಂತೆ ಒಂದೇ ದಿಕ್ಕಿಗೆ ಹಾಕಿ. ಇದು ಅತಿಯೆನಿಸಬಹುದು. ಆದರೆ 2006ರಲ್ಲಿ ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಪ್ರಕಟಿಸಿದ ಪ್ರಯೋಗ ನೋಡಿ: 14,000ಕ್ಕೂ ಹೆಚ್ಚು ಜನರಿಗೆ ಅಪರಿಚಿತ ಬ್ಯಾಂಡುಗಳ ಹಾಡು ಕೇಳಿಸಿದರು. ಕೆಲವರಿಗೆ ಉಳಿದವರು ಯಾವ ಹಾಡನ್ನು ಎಷ್ಟು ಸಲ ಇಳಿಸಿಕೊಂಡರು ಎಂಬ ಸಂಖ್ಯೆ ಕಾಣುತ್ತಿತ್ತು, ಕೆಲವರಿಗೆ ಇಲ್ಲ. ಸಂಖ್ಯೆ ಕಂಡ ಕಡೆ ಗೆದ್ದ ಹಾಡುಗಳು ಇನ್ನಷ್ಟು ಗೆದ್ದವು, ಯಾವುದು ಗೆಲ್ಲುತ್ತದೆ ಎಂದು ಊಹಿಸುವುದೂ ಕಷ್ಟವಾಯಿತು. ಒಂದು ಅಂಕಿಯೇ ಇಷ್ಟು ಮಾಡುವುದಾದರೆ, ಪಕ್ಕದಲ್ಲಿ ಕೂತು ನಿಟ್ಟುಸಿರು ಬಿಡುವವನು ಏನು ಮಾಡಲಾರ?

ಬರೆಯುವ ಹಾಳೆಯಲ್ಲಿ ಹಾಡಿಗೊಂದು ಸಾಲು, ಸಾಲಿಗೆ ನಾಲ್ಕು ಮನೆ: ಯಾವ ಹೊತ್ತಿಗೆ, ಏನು ಕೇಳಿಸಿತು, ಏನನ್ನಿಸಿತು, ಮತ್ತೆ ಕೇಳುತ್ತೀರಾ. ಎರಡನೆಯದೂ ಮೂರನೆಯದೂ ಬೇರೆ ಬೇರೆ ಮನೆಯಲ್ಲಿರಬೇಕು ಅನ್ನುವುದೇ ಇಡೀ ಹಾಳೆಯ ಗುಟ್ಟು. ಒಂದೇ ಮನೆ ಕೊಟ್ಟರೆ ಜನ ‘ಬೋರು’ ಎಂದು ಬರೆದು ಮುಗಿಸುತ್ತಾರೆ. ಎರಡು ಕೊಟ್ಟರೆ ಬರುವುದು ಹೀಗೆ: ‘ಎರಡನೇ ನಿಮಿಷದ ಹೊತ್ತಿಗೆ ಪಿಟೀಲುಗಳು ಅದೇ ನಾಲ್ಕು ಸ್ವರ ಬಿಡದೆ ಸುತ್ತುತ್ತಿವೆ, ಗಿಟಾರ್ ಬಂದ ಕೂಡಲೇ ಅವು ಮುಳುಗಿಹೋದವು’ ಒಂದು ಮನೆಯಲ್ಲಿ, ‘ಕಿರಿಕಿರಿ, ಪಿಟೀಲನ್ನೇ ಕಾಯ್ತಾ ಕೂತೆ’ ಇನ್ನೊಂದರಲ್ಲಿ. ಇದು ಬೈಗುಳವಾದರೂ ಕೆಲಸಕ್ಕೆ ಬರುವ ಬೈಗುಳ.

ಅಂಕ ಕೇಳುವುದಾದರೆ ಪ್ರತಿ ಹಾಡಿಗೂ ಕೇಳಿ, ಆಲ್ಬಂಗೆ ಒಟ್ಟಾರೆ ಅಂಕ ಆ ದಿನ ಬೇಡ. ಒಟ್ಟಾರೆ ಅಂಕದಲ್ಲಿ ಕೊನೆಯ ಹಾಡಿನ ನೆನಪು ಅದರ ಪಾಲಿಗಿಂತ ಹೆಚ್ಚು ತೂಗುತ್ತದೆ. ‘ಬಿಗ್ ಮೆಸ್’ನಲ್ಲಂತೂ ಇದು ಸ್ಪಷ್ಟ ಬಲೆ. ಕೊನೆಯಲ್ಲಿರುವ ‘ಇನ್ಸೆಕ್ಟ್ಸ್’ ಓಯಿಂಗೊ ಬೋಯಿಂಗೊ 1982ರಲ್ಲಿ ಹಾಡಿದ್ದರ ಹೊಸ ರೂಪ. ಹಳೆಯ ಅಭಿಮಾನಿಗಳು ಆ ಹಾಡು ಕೇಳಿ ಎದ್ದು ನಿಂತ ಖುಷಿಯಲ್ಲಿ ಅದಕ್ಕೆ ಮುಂಚಿನ ಹದಿನೇಳಕ್ಕೂ ಧಾರಾಳ ಮಾಡಿಬಿಡುತ್ತಾರೆ, ಇಲ್ಲವೇ ‘ಹಳೆಯದೇ ಚೆನ್ನಾಗಿತ್ತು’ ಎಂದು ಹದಿನೇಳಕ್ಕೂ ಕಳೆಯುತ್ತಾರೆ.

‘ಉದ್ದ ಆಯಿತು’ ಎನ್ನುವುದನ್ನು ಪರೀಕ್ಷಿಸುವುದು

ಡಬಲ್ ಆಲ್ಬಂ ಅಂದಮೇಲೆ ಈ ದೂರು ಬಂದೇ ಬರುತ್ತದೆ. ಅದು ಸಂಗೀತದ ದೋಷವೋ ಕೇಳುಗನ ದಣಿವೋ ತಿಳಿಯಲು ಸುಲಭ ದಾರಿಯೊಂದಿದೆ. ಗುಂಪನ್ನು ಎರಡು ಮಾಡಿ. ಒಂದು ಭಾಗ 1ರಿಂದ 18ರವರೆಗೆ ಸಾಲಾಗಿ ಕೇಳಲಿ. ಇನ್ನೊಂದು ಭಾಗ, ಬೇರೆ ದಿನ ಅಥವಾ ಬೇರೆ ಕೊಠಡಿಯಲ್ಲಿ, 10ರಿಂದ 18 ಮೊದಲು, ಆಮೇಲೆ 1ರಿಂದ 9. ಎರಡೂ ಭಾಗದಲ್ಲಿ ಮೂರು ಬಗೆಯ ಕೇಳುಗರೂ ಹಂಚಿಹೋಗಿರಬೇಕು.

ಎರಡೂ ಭಾಗದವರಿಗೆ ತಾವು ಕೇಳಿದ ಸಾಲಿನ ದ್ವಿತೀಯಾರ್ಧದಲ್ಲೇ ಬೇಸರ ಬಂದಿದ್ದರೆ, ಅಂದರೆ ಮೊದಲ ಗುಂಪು 13ನೇ ಹಾಡಿನ ಹತ್ತಿರ ಸುಸ್ತಾಗಿ, ಎರಡನೇ ಗುಂಪು 4ನೇ ಹಾಡಿನ ಹತ್ತಿರ ಸುಸ್ತಾಗಿದ್ದರೆ, ಅದು ದಣಿವು. ಯಾವ ಸಾಲಿನಲ್ಲಿ ಕೇಳಿದರೂ ಅದೇ ಎರಡು ಮೂರು ಹಾಡಿನಲ್ಲಿ ಎಲ್ಲರ ಪೆನ್ಸಿಲ್ ನಿಂತಿದ್ದರೆ, ಆ ಹಾಡುಗಳನ್ನೇ ವಿಚಾರಿಸಬೇಕು. ಮೊದಲನೆಯದು ಸಿಗುವುದೇ ಹೆಚ್ಚು ಎಂದು ನಮ್ಮ ಅಂದಾಜು. ಇಡೀ ಆಲ್ಬಂ ಒಂದೇ ಬಿಗಿಯಲ್ಲಿ ನಡೆದಾಗ ಕಿವಿ ಕೈಬಿಡುವುದು ಇಷ್ಟನೇ ಹಾಡಿಗೆ ಅಂತಿಲ್ಲ, ಇಷ್ಟನೇ ನಿಮಿಷಕ್ಕೆ.

ಎರಡನೇ, ಮೂರನೇ ಸುತ್ತು

ಎರಡು ಮೂರು ದಿನ ಬಿಟ್ಟು ಮತ್ತೆ ಕೇಳಿಸಿ. ಅದೇ ದಿನ ಬೇಡ. ಕೇಳಿದ್ದನ್ನೇ ಮತ್ತೆ ಕೇಳಿದರೆ ಇಷ್ಟ ಹೆಚ್ಚಾಗುವ ಒಲವನ್ನು ಮನಶ್ಶಾಸ್ತ್ರಜ್ಞ ರಾಬರ್ಟ್ ಜಯೊಂಟ್ಸ್ 1968ರಲ್ಲೇ ಬರೆದಿಟ್ಟಿದ್ದಾರೆ. ಹಾಗಾಗಿ ಎರಡನೇ ಸುತ್ತಿನಲ್ಲಿ ಅಂಕ ಸ್ವಲ್ಪ ಮೇಲೇರುವುದು ಸಹಜ, ಅದಕ್ಕೆ ಅರ್ಥ ಹಚ್ಚಬೇಡಿ. ನೋಡಬೇಕಾದ್ದು ಉಳಿದವು ಏರಿದರೂ ಏರದೆ ಕೂತ ಹಾಡು, ಮತ್ತು ಎರಡು ಅಂಕಕ್ಕಿಂತ ಹೆಚ್ಚು ನೆಗೆದ ಹಾಡು. ನೆಗೆತ ಸಾಮಾನ್ಯವಾಗಿ ಮೊದಲ ಸಲ ಅಡ್ಡಾದಿಡ್ಡಿ ಅನಿಸಿದ್ದರಲ್ಲೇ ಇರುತ್ತದೆ. ತಾಳದ ಲೆಕ್ಕ ಸಿಕ್ಕಮೇಲೆ ಅದೇ ಹಾಡು ಬೇರೆಯಾಗಿ ಕೇಳಿಸುತ್ತದೆ.

ಮೂರನೇ ಸುತ್ತಿಗೆ ಇಡೀ ಆಲ್ಬಂ ಬೇಡ. ಹೆಚ್ಚು ಜಗಳ ಎಬ್ಬಿಸಿದ ನಾಲ್ಕೈದು ಹಾಡು ಆರಿಸಿ, ಸಾಹಿತ್ಯದ ಹಾಳೆ ಕೈಗೆ ಕೊಡಿ. ಮೊದಲೆರಡು ಸುತ್ತಿನಲ್ಲಿ ಸಾಹಿತ್ಯ ಕೊಟ್ಟರೆ ಜನ ಓದುತ್ತಾರೆ, ಕೇಳುವುದಿಲ್ಲ. ಈ ಸುತ್ತಿನಲ್ಲಿ ಮಾತಿಗೆ ಅವಕಾಶ ಉಂಟು. ಮೊದಲು ಮಾತಾಡಬೇಕಾದವರು ಗುಂಪಿನಲ್ಲಿ ಅತಿ ಕಡಿಮೆ ಸಂಗೀತ ತಿಳಿದವರು. ಗಿಟಾರ್ ಗೊತ್ತಿರುವವನು ಬಾಯಿ ತೆರೆದರೆ ಉಳಿದವರು ಅವನ ಪದಗಳನ್ನೇ ಎರವಲು ತರುತ್ತಾರೆ.

ಬರುವ ಮಾತುಗಳು, ಅವುಗಳ ಹಿಂದಿರುವುದು

‘ಸಿನಿಮಾ ಹಿನ್ನೆಲೆ ಥರ ಇದೆ.’ ಹೊಗಳಿಕೆಯೋ ತೆಗಳಿಕೆಯೋ ಕೇಳಿ. ಆಮೇಲೆ ‘ಯಾವ ಕ್ಷಣದಲ್ಲಿ ಹಾಗನಿಸಿತು?’ ಎಂದು ಕೇಳಿ. ಸಾಮಾನ್ಯವಾಗಿ ಅವರು ಬೆರಳಿಡುವುದು ಚಿಕ್ಕದೊಂದು ಸ್ವರಗುಚ್ಛ ಬಿಡದೆ ಸುತ್ತುವ ಜಾಗಕ್ಕೆ, ಇಲ್ಲವೇ ಸದ್ದು ಮೆಟ್ಟಿಲು ಮೆಟ್ಟಿಲಾಗಿ ಏರಿ ತಟ್ಟನೆ ನಿಲ್ಲುವ ಜಾಗಕ್ಕೆ. ತೆರೆಯ ಮೇಲೆ ಹೀಗೆ ಮಾಡುವುದು ದೃಶ್ಯಕ್ಕೆ ಬಿಗಿ ತರಲು. ದೃಶ್ಯವಿಲ್ಲದ ಹಾಡಿನಲ್ಲಿ ಆ ಬಿಗಿಯನ್ನು ಹೊರಬೇಕಾದವನು ಹಾಡುಗಾರ. ಹೊತ್ತನೋ ಇಲ್ಲವೋ ಅನ್ನುವುದೇ ಮುಂದಿನ ಪ್ರಶ್ನೆ.

‘ಪಲ್ಲವಿಯೇ ಇಲ್ಲ.’ ಇದನ್ನು ಹಾಡು ಹಾಕಿಯೇ ಪರೀಕ್ಷಿಸಬಹುದು. ಮರಳಿ ಬರುವ ಸಾಲು ಎಲ್ಲಿದೆ ಎಂದು ಕೈ ಎತ್ತಲು ಹೇಳಿ. ಎಷ್ಟೋ ಸಲ ಪಲ್ಲವಿ ಇರುತ್ತದೆ, ಎರಡನೇ ಸಲ ಬರುವಾಗ ವಾದ್ಯ, ಶ್ರುತಿ, ಗಂಟಲು ಎಲ್ಲ ಬದಲಾಗಿರುವುದರಿಂದ ಗುರುತು ಹತ್ತುವುದಿಲ್ಲ. ‘ಹ್ಯಾಪಿ’ ಇದಕ್ಕೆ ಒಳ್ಳೆಯ ಪರೀಕ್ಷೆ: ಸಿಹಿಯಾದ ಪಾಪ್ ಹಾಡಿನಂತೆ ಶುರುವಾಗಿ, ಹೋಗ್ತಾ ಹೋಗ್ತಾ ಕೆಟ್ಟ ಕನಸಾಗುತ್ತದೆ.

‘ನೈನ್ ಇಂಚ್ ನೇಲ್ಸ್ ಕಾಪಿ.’ ನೈನ್ ಇಂಚ್ ನೇಲ್ಸ್ ಅಂದರೆ ಅಮೆರಿಕದ ಗಡಸು ರಾಕ್ ಬ್ಯಾಂಡ್. ಕಾಪಿ ಎಂದು ದಾಖಲಿಸುವ ಮೊದಲು ನುಡಿಸಿದವರು ಯಾರೆಂದು ನೋಡಿ. ಈ ಆಲ್ಬಂನಲ್ಲಿ ಗಿಟಾರ್ ರಾಬಿನ್ ಫಿಂಕ್, ನಿಲಿ ಬ್ರೋಷ್. ಬೇಸ್ ಸ್ಟು ಬ್ರೂಕ್ಸ್. ಡ್ರಮ್ಸ್ ಜಾಶ್ ಫ್ರೀಸ್. ಫಿಂಕ್ ಮತ್ತು ಫ್ರೀಸ್ ಇಬ್ಬರೂ ನೈನ್ ಇಂಚ್ ನೇಲ್ಸ್ ವೇದಿಕೆಯಲ್ಲಿ ನುಡಿಸಿದವರು. ಕೇಳುಗನ ಕಿವಿ ಸರಿಯಾಗಿಯೇ ಇದೆ, ಕಾರಣ ಹಚ್ಚಿದ್ದು ಮಾತ್ರ ತಪ್ಪು.

‘ಎಲ್ಲ ಗಿಜಿಗಿಜಿ, ಏನೂ ಬೇರೆಯಾಗಿ ಕೇಳಿಸಲ್ಲ.’ ಇದಕ್ಕೆ ಭೌತಿಕ ಕಾರಣ ಇದೆ. ಡಿಸ್ಟಾರ್ಷನ್ ಹಾಕಿದ, ಅಂದರೆ ಸದ್ದನ್ನು ಬೇಕೆಂದೇ ಒರಟಾಗಿಸಿದ ಗಿಟಾರ್ ತನ್ನ ಮೂಲ ಸ್ವರದ ಮೇಲೆ ಉಪಸ್ವರಗಳ ರಾಶಿ ಹೇರಿ ಕೆಲವು ನೂರು ಹರ್ಟ್ಸ್‌ನಿಂದ ಕೆಲವು ಸಾವಿರದವರೆಗೆ ಜಾಗ ತುಂಬಿಬಿಡುತ್ತದೆ. ಪಿಟೀಲುಗಳ ಹೊಳಪೂ ಮನುಷ್ಯನ ಗಂಟಲಿನ ಅಕ್ಷರಗಳೂ ಇರುವುದು ಅಲ್ಲೇ. ಮಿಕ್ಸ್ ಮಾಡುವವರು ಒಬ್ಬರನ್ನು ಎಡಕ್ಕೆ, ಇನ್ನೊಬ್ಬರನ್ನು ಬಲಕ್ಕೆ ಸರಿಸಿ ದಾರಿ ಮಾಡಿರುತ್ತಾರೆ. ಈ ದೂರು ಬರೆದವರಿಗೆ ಅದೇ ಹಾಡನ್ನು ಒಳ್ಳೆಯ ತಂತಿ ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿಸಿ. ಎಡಬಲ ಬಿಡಿಸಿಕೊಂಡು ದೂರು ಕರಗಿದರೆ ಅದು ಕೊಠಡಿಯ ದೋಷ. ಹೆಡ್‌ಫೋನಿನಲ್ಲೂ ಉಳಿದರೆ ಆಲ್ಬಂ ಮೇಲೆ ಬರೆಯಬಹುದು.

‘ಹಾಡುತ್ತಿಲ್ಲ, ನಟಿಸುತ್ತಿದ್ದಾನೆ.’ ಚೀಟಿ ತೆಗೆದು ನೋಡುವ ತನಕ ಇದಕ್ಕೆ ಬೆಲೆ ಕಟ್ಟಬೇಡಿ. ಹಳೆಯ ಬ್ಯಾಂಡನ್ನು ಬಲ್ಲವರು ಇದನ್ನೇ ಗುಣವೆಂದು ಬರೆಯುವುದೂ ಉಂಟು.

ಲೆಕ್ಕ ಹಾಕುವಾಗ

ಸರಾಸರಿ ತೆಗೆಯಬೇಡಿ. ಎಂಟು ಜನರಲ್ಲಿ ನಾಲ್ವರು 9 ಕೊಟ್ಟು ನಾಲ್ವರು 2 ಕೊಟ್ಟರೆ ಸರಾಸರಿ 5.5 ಬರುತ್ತದೆ. ಕೊಠಡಿಯಲ್ಲಿ ಒಬ್ಬರೂ ಆ ಹಾಡನ್ನು ‘ಪರವಾಗಿಲ್ಲ’ ಅಂದಿಲ್ಲ, ನಿಮ್ಮ ವರದಿ ಮಾತ್ರ ಹಾಗನ್ನುತ್ತದೆ. ಪ್ರಯೋಗದ ಆಲ್ಬಂಗಳಲ್ಲಿ ಅಂಕಗಳು ಹೀಗೆ ಎರಡು ತುದಿಗೆ ಒಡೆಯುವುದೇ ವಾಡಿಕೆ. ಪ್ರತಿ ಹಾಡಿನ ಅಂಕಗಳನ್ನು ಒಂದು ಗೆರೆಯ ಮೇಲೆ ಚುಕ್ಕೆಯಾಗಿ ಇಟ್ಟು, ಚುಕ್ಕೆಯ ಬಣ್ಣವನ್ನು ಮೂರು ಗುಂಪಿಗೆ ಮೂರಾಗಿ ಕೊಡಿ. ಒಡಕು ಬಣ್ಣದ ಪ್ರಕಾರವೇ ಇದ್ದರೆ ಅಲ್ಲಿ ಮಾತಾಡುತ್ತಿರುವುದು ನಿರೀಕ್ಷೆ. ಬಣ್ಣಗಳು ಕಲೆಸಿಹೋಗಿದ್ದೂ ಚುಕ್ಕೆಗಳು ಎರಡು ತುದಿಯಲ್ಲಿದ್ದರೆ ಆ ಹಾಡಿನಲ್ಲೇ ಏನೋ ಇದೆ. ವರದಿಯಲ್ಲಿ ಹೆಚ್ಚು ಜಾಗ ಕೊಡಬೇಕಾದ್ದು ಅಂಥ ಹಾಡಿಗೆ.

ಮಡಚಿಟ್ಟ ಚೀಟಿಗಳನ್ನು ಬಿಚ್ಚುವುದು ಈಗ, ಚುಕ್ಕೆಗಳೆಲ್ಲ ಇಟ್ಟಾದ ಮೇಲೆ. ‘ಬ್ಯಾಟ್‌ಮನ್ ಥರ ಇರುತ್ತೆ’ ಎಂದು (ಎಲ್ಫ್‌ಮನ್ ಸಂಗೀತವಿದ್ದ ಬರ್ಟನ್ ಚಿತ್ರವನ್ನು ನೆನೆದು) ಬರೆದವರ ಕಡಿಮೆ ಅಂಕಗಳೂ, ‘ಏನೂ ಗೊತ್ತಿಲ್ಲ’ ಎಂದು ಬರೆದವರ ಕಡಿಮೆ ಅಂಕಗಳೂ ಒಂದೇ ಅಲ್ಲ. ವರದಿಯಲ್ಲಿ ಪ್ರತಿ ಉದ್ಧರಣೆಯ ಪಕ್ಕ ಹೆಸರು ಬೇಡ, ಗುಂಪು ಸಾಕು: ‘ಸಿನಿಮಾ ಸಂಗೀತದ ಕೇಳುಗ, ಎರಡನೇ ಸುತ್ತು’. ಸುತ್ತಿನ ಸಂಖ್ಯೆ ಬಿಡಬೇಡಿ. ಮೊದಲ ಸುತ್ತಿನ ಬೈಗುಳವನ್ನು ಮೂರನೇ ಸುತ್ತಿನ ಹೊಗಳಿಕೆಯ ಪಕ್ಕ ಇಟ್ಟು ‘ಕೇಳುಗರಲ್ಲಿ ಭಿನ್ನಾಭಿಪ್ರಾಯ’ ಎಂದು ಬರೆದರೆ, ಆ ಇಬ್ಬರೂ ಒಬ್ಬರೇ ಆಗಿರಬಹುದು.

2022ರಲ್ಲಿ ಇದೇ ಹಾಡುಗಳ ರೀಮಿಕ್ಸ್ ಸಂಗ್ರಹ ‘ಬಿಗ್ಗರ್. ಮೆಸ್ಸಿಯರ್.’ ಬಂತು. ನೈನ್ ಇಂಚ್ ನೇಲ್ಸ್‌ನ ಟ್ರೆಂಟ್ ರೆಜ್ನರ್, ರಾಕ್ ಗಾಯಕ ಇಗ್ಗಿ ಪಾಪ್ ಅಂಥವರ ಗಂಟಲು ಅದರಲ್ಲಿದೆ. ಅದನ್ನು ಕೇಳಿಸುವುದಿದ್ದರೆ ಮೂರೂ ಸುತ್ತು ಮುಗಿದ ಮೇಲೆ, ಬೇರೆ ಹಾಳೆಯಲ್ಲಿ. ಆಪ್‌ಗಳು ಆಲ್ಬಂ ಮುಗಿದ ಕೂಡಲೇ ತಾವಾಗಿಯೇ ಇಂಥದ್ದನ್ನು ಮುಂದೆ ಹಾಕಿಬಿಡುತ್ತವೆ. ಆಟೊಪ್ಲೇ ಮೊದಲೇ ಬಂದ್ ಮಾಡಿರಿ, ಇಲ್ಲದಿದ್ದರೆ ಕೊನೆಯ ಐದು ನಿಮಿಷದ ಬರಹದಲ್ಲಿ ಆಲ್ಬಂನಲ್ಲೇ ಇಲ್ಲದ ದನಿಯೊಂದರ ಬಗ್ಗೆ ಅಭಿಪ್ರಾಯ ಸೇರಿಕೊಂಡಿರುತ್ತದೆ.